ಅಜ್ಜಿಗೆ ಓಗೊಟ್ಟವಳು

ಭಾನುವಾರ, ಮಧ್ಯಾಹ್ನ

ನನ್ನ ಬಂಗಾರದಂಥ ಮಗಳೇ,

ಊಟ ಮಾಡಿದ ಮೇಲೆ ಇದನ್ನು ಓದು. ಹಸಿದ ಹೊಟ್ಟೆಯಲ್ಲಿ ಓದುವ ಸುದ್ದಿಯಲ್ಲ. ನೀನು ದೊಡ್ಡಮ್ಮ ಅಂತ ಕರೆಯುತ್ತಿದ್ದ ನಮ್ಮ ಕತ್ರಿಯಕ್ಕ ಹೋಗಿಬಿಟ್ಟಳು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದೆವು, ಮರುದಿನವೇ ಎಲ್ಲ ಮುಗಿಯಿತು. ನಿನ್ನ ಪರೀಕ್ಷೆ ಮುಗಿಯಲಿ ಎಂದು ತಡೆದು ಬರೆಯುತ್ತಿದ್ದೇನೆ. ಬೈಯಬೇಡ.

ನಿನ್ನಪ್ಪ ತೀರಿಕೊಂಡ ಮೇಲೆ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಟೈಲರ್ ಅಂಗಡಿಗೆ ಕೆಲಸ ಕೇಳಲು ಹೋದಾಗ, ನನಗೆ ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅಲ್ಲಿ ಆಗಲೇ ಹೊಲಿಯುತ್ತಿದ್ದ ಕತ್ರಿಯಕ್ಕ ಮಾಲೀಕರಿಗೆ, ಇವಳು ನನಗಿಂತ ಚೆನ್ನಾಗಿ ಹೊಲೀತಾಳೆ ಅಂತ ಹಸಿ ಸುಳ್ಳು ಹೇಳಿ ತನ್ನ ಪಕ್ಕದ ಮಷಿನ್ನಿಗೆ ಕೂರಿಸಿಕೊಂಡಳು. ಸ್ವಲ್ಪ ದಿನಕ್ಕೇ ನಾನು ಒಂದು ಅಂಗಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟೆ. ಅಕ್ಕ ನೋಡಿ, ಪಾಪ, ಈ ಗಿರಾಕಿಗೆ ಬಲಗೈ ಇಲ್ವೇನೇ ಅಂತ ಕೇಳಿದಳು. ಅಳುತ್ತಿದ್ದವಳು ನಕ್ಕುಬಿಟ್ಟೆ. ಅವಳು ಪೇಟೆಯೆಲ್ಲ ಅಲೆದು ಅದೇ ಬಣ್ಣದ ಬಟ್ಟೆ ತಂದು, ಮಾಲೀಕರಿಗೆ ಗೊತ್ತಾಗದ ಹಾಗೆ ಸರಿಮಾಡಿದಳು.

ನಿನ್ನ ಶಾಲೆಯ ಲಂಗಗಳನ್ನೆಲ್ಲ ಹೊಲಿದವಳೂ ಅವಳೇ. ಅಂಚಿನೊಳಗೆ ಬಟ್ಟೆ ಬಿಟ್ಟಿರುತ್ತಿದ್ದಳು, ನೀನು ಬೆಳೆದ ಹಾಗೆ ಬಿಚ್ಚಿ ಇಳಿಸುತ್ತಿದ್ದಳು. ಈ ಹುಡುಗಿ ಬೆಳೆಯೋದು ನಿಲ್ಲಿಸೋ ಹಾಗೆ ಕಾಣಲ್ಲ, ತಲೆ ಮೇಲೊಂದು ಕಲ್ಲಿಡೇ, ಅಂತ ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕನ ಜೊತೆ ಅವಳ ಅಮ್ಮ ಇದ್ದರಲ್ಲ, ಆ ಅಜ್ಜಿಗೆ ಈಗ ಕಣ್ಣು ಪೂರ್ತಿ ಹೋಗಿದೆ, ಕಿವಿಯೂ ಅರ್ಧ. ಸುದ್ದಿ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ನಾನೇ ಹೋದೆ. ಪಕ್ಕದಲ್ಲಿ ಕೂತ ಕೂಡಲೇ ಅಜ್ಜಿ ನನ್ನ ಕೈ ಹಿಡಿದು ಬೆರಳ ತುದಿ ಸವರಿದರು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು, ಅಕ್ಕನದೂ ಹಾಗೇ ಇತ್ತು. ಬಂದ್ಯಾ, ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ, ಅಂದರು. ಸುದ್ದಿ ಹೇಳಲು ಹೋದವಳು, ಇಲ್ಲೇ ಇದ್ದೀನಮ್ಮ, ಅಂದುಬಿಟ್ಟೆ.

ಮಾಲೀಕರು ಕೋಣೆ ಖಾಲಿ ಮಾಡಿ ಅನ್ನುತ್ತಿದ್ದಾರೆ. ಅಜ್ಜಿಗೆ ಬೇರೆ ಯಾರೂ ಇಲ್ಲ. ವೃದ್ಧಾಶ್ರಮಕ್ಕೆ ಸೇರಿಸಿ ಎಂಬುದು ಅಕ್ಕಪಕ್ಕದವರ ಮಾತು. ನಿನ್ನ ಕೋಣೆಯನ್ನು ಅವರಿಗೆ ಕೊಡಲೇ? ರಜೆಗೆ ಬಂದಾಗ ನನ್ನ ಪಕ್ಕ ಮಲಗುತ್ತೀಯಾ? ಅಜ್ಜಿಗೆ ನಿಜ ಹೇಳಲೋ ಬೇಡವೋ, ಅದನ್ನೂ ನೀನೇ ಹೇಳು. ಅಜ್ಜಿ ತಮ್ಮ ಮಗಳನ್ನು ಕರೆದಾಗಲೆಲ್ಲ ನಾನು ಓಗೊಡುತ್ತೇನೆ. ಓಗೊಟ್ಟಾಗಲೆಲ್ಲ ಅಕ್ಕನನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಗುತ್ತದೆ.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ನೀನು ಬೇಡ ಅನ್ನುವವಳಲ್ಲ ಎಂದು ಅಜ್ಜಿಯನ್ನು ಆಗಲೇ ಕರೆತಂದಿದ್ದೇನೆ. ಈ ಕಾಗದ ಮಡಚುತ್ತಿದ್ದಾಗ ಕರೆದರು, ಹೋದೆ. ನನ್ನ ತಲೆ ನೇವರಿಸಿ, ನೀನು ಅವಳಲ್ಲ ಅಂತ ಅವತ್ತೇ ಗೊತ್ತಾಯ್ತು ಕಣಮ್ಮ, ಅಂದರು. ಮತ್ಯಾಕೆ ಸುಮ್ಮನಿದ್ರಿ ಅಂತ ಕಿವಿಯ ಹತ್ತಿರ ಕೇಳಿದೆ. ನೀನು ಬಾಯಿಬಿಟ್ಟು ಹೇಳಿದ್ರೆ ಅವಳು ಸತ್ತೇ ಹೋಗ್ತಾಳಲ್ಲ, ಅಂದರು. ಈಗಷ್ಟೇ ಇಬ್ಬರೂ ಅತ್ತು ಎದ್ದೆವು. ಬೇಗ ಬಾ.