ಕಾರಿನಲ್ಲಿದ್ದ ಒಂದೇ ಸೀಟು

ಸನ್ಮಾನ್ಯ ಪತಿರಾಯರಿಗೆ,

ಹಾಲನ್ನು ಮಧ್ಯಾಹ್ನದೊಳಗೆ ಕಾಯಿಸಿಡಿ. ಬಾಲ್ಕನಿಯ ಗಿಡಗಳಿಗೆ ತಪ್ಪದೆ ನೀರು ಹಾಕಿ. ಅವು ನಿಮಗೆ ಯಾವ ದ್ರೋಹವನ್ನೂ ಬಗೆದಿಲ್ಲ.

ಕಿವಿಯಲ್ಲಿರುವುದೇ ತಿಳಿಯದಷ್ಟು ಹಿತವಾಗಿದೆಯೆಂದು ನೀವು ಹೊಗಳುವ ಆ ದುಬಾರಿ ಇಯರ್‌ಬಡ್ ನಿನ್ನೆ ಸಂಜೆಯೂ ಎಂದಿನಂತೆ ಸಂಪರ್ಕ ತಪ್ಪಿ ಕೈಕೊಟ್ಟಿತು. ನೀವು ಬಾಲ್ಕನಿಯಲ್ಲಿ "ಹಲೋ, ಹಲೋ" ಎಂದು ಅರಚುತ್ತಿದ್ದಾಗ, ಊಟದ ಮೇಜಿನ ಮೇಲಿದ್ದ ನಿಮ್ಮ ಫೋನಿನ ಸ್ಪೀಕರಿನಿಂದ ನಿಮ್ಮ ತಂಗಿಯ ಧ್ವನಿ ನನ್ನೆದುರಿಗೇ ಕೇಳಿಬಂತು: "ನಾಳೆ ಬೀಚಿಗೆ ಹೋಗೋ ಕಾರಲ್ಲಿ ಒಂದೇ ಸೀಟು ಖಾಲಿ ಅಂತ ಅತ್ತಿಗೆ ಹತ್ರ ಚೆನ್ನಾಗಿ ರೈಲು ಬಿಟ್ಟಿದ್ದೀಯ ಕಣಣ್ಣ! ಅವರು ಬಂದ್ರೆ ಸಮುದ್ರದ ಅಲೆಗಳನ್ನೂ ಸಾಲಾಗಿ ನಿಲ್ಲಿಸ್ತಾರೆ."

ಜೀವಮಾನವಿಡೀ ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನು ಬೋಧಿಸಿದವಳಿಗೆ ಸ್ವಂತ ಮನೆಯಲ್ಲಿ ಈ ಮರ್ಯಾದೆ! ಆದರೂ ಗಂಡನ ಮಾತನ್ನು ಸುಳ್ಳಾಗಿಸುವುದು ನನಗೆ ತರವಲ್ಲ. ಸೀಟು ಒಂದೇ ಎಂದಿರಿ, ಒಂದೇ ಇರಲಿ. ಅದರಲ್ಲಿ ನಾನು ಹೋಗುತ್ತಿದ್ದೇನೆ.

ಕಾರು ಬೇಗನೆ ಬಂದು ಕೆಳಗೆ ನಿಂತಿದೆ. ಕೇಳಿದ್ದನ್ನೆಲ್ಲ ನಿಮ್ಮ ತಂಗಿಯೆದುರು ಅಕ್ಷರಶಃ ಒಪ್ಪಿಸಿದೆ. ಅವಳೇ ಕೈಯಾರೆ ನನ್ನ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟಳು. ನೀವು ತುಂಬಿಸಿಟ್ಟಿದ್ದ ಚೀಲವನ್ನು ಬಿಚ್ಚಿ, ಬಟ್ಟೆಗಳನ್ನು ಮಡಚಿ ಕಪಾಟಿಗೆ ಸೇರಿಸಿದ್ದೇನೆ.

ತಿಳಿಸದೆ ಹೋದಳೆಂಬ ಅಪವಾದ ಬೇಡವೆಂದು, ವಾಕಿಂಗ್ ಹೋಗಿದ್ದ ನಿಮಗೆ ಫೋನ್ ಕೂಡ ಮಾಡಿದೆ. "ಏನೂ ಕೇಳಿಸ್ತಿಲ್ಲ, ಆಮೇಲ್ ಮಾಡೇ" ಎಂದು ನೀವೇ ಕತ್ತರಿಸಿದಿರಿ. ನನ್ನ ಕರ್ತವ್ಯ ಅಲ್ಲಿಗೆ ಮುಗಿಯಿತು.

ಭಾನುವಾರ ಬರುತ್ತೇನೆ. ಅಷ್ಟರಲ್ಲಿ ನನ್ನ ಮೇಲೆ ದೂರು ಹೇಳಿಕೊಳ್ಳುವುದಿದ್ದರೆ ತಂಗಿಗೆ ನಿಸ್ಸಂಕೋಚವಾಗಿ ಫೋನ್ ಮಾಡಿ. ಅವಳ ಪಕ್ಕದಲ್ಲೇ ಕುಳಿತಿರುತ್ತೇನೆ.