ಮಡಿಕೆಯಲ್ಲಿ ಉಳಿದ ಇಳುವರಿ

ಹೊಸದುರ್ಗ ಸೀಮೆ, ರೋಹಿಣಿ ಮಳೆ ಬರಬೇಕಾಗಿದ್ದ ವಾರ, ಕ್ರಿ.ಶ. ೨೧೭೪

ಇದೇ ಸೀಮೆಯಲ್ಲಿ ಈಗ ಬಿತ್ತುತ್ತಿರುವ ಅವ್ವಂದಿರೇ,

ಇನ್ನೂ ಹುಟ್ಟದವನ ಕಾಗದ ಬಂತೆಂದು ಗಾಬರಿಯಾಗಬೇಡಿ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಳೆಗಳ ಹೆಸರನ್ನಂತೂ ನಾವು ಬದಲಿಸಿಲ್ಲ. ಮಳೆಗಳೇ ತಾರೀಖು ಬದಲಿಸಿಕೊಂಡಿವೆ. ನಾನು ಸಣ್ಣತಿಪ್ಪಯ್ಯ. ಮೂಟೆ ಹೊರುತ್ತ ಶುರುಮಾಡಿದವನು, ಈಗ ಕಾಳಿನ ಮಂಡಿ ಇಟ್ಟಿದ್ದೇನೆ. ಓದು ಕಡಿಮೆ, ತೂಕ ಗೊತ್ತು.

ನಿಮ್ಮ ಕಾಲದಲ್ಲಿ ಕಾಲುವೆ ಬಯಲಿನವರು ನಮ್ಮ ಕೆಂಪು ನೆಲ ಕಂಡು ನಗುತ್ತಿದ್ದರಂತೆ, “ನಮ್ಮ ಭತ್ತದ ಮುಂದೆ ನಿಮ್ಮ ರಾಗಿ ಯಾವ ಲೆಕ್ಕ” ಎಂದು. ನಗಲಿ, ಆಗ ಅದು ನಿಜವೇ. ಈಗ ಆ ಬಯಲಿನ ತಗ್ಗುಗಳಲ್ಲಿ ಉಪ್ಪು ಎದ್ದು, ಬೆಳಿಗ್ಗೆ ನೋಡಿದರೆ ಯಾರೋ ಸುಣ್ಣ ಬಳಿದಂತಿರುತ್ತದೆ. ಕರಾವಳಿಯವರು ಬಿದಿರು ತೆಪ್ಪದ ಮೇಲೆ ಮಣ್ಣು ಹರವಿ ನಾಟಿ ಮಾಡುತ್ತಾರೆ. ಅದಕ್ಕೆ ತೇಲುಗದ್ದೆ ಎನ್ನುತ್ತೇವೆ, ಹಬ್ಬಕ್ಕೆ ನೆಂಟರ ಮನೆ ಪಕ್ಕಕ್ಕೇ ಎಳೆದುಕೊಂಡು ಹೋಗುವವರೂ ಉಂಟು. ಬಿಜಾಪುರದ ಎರೆಭೂಮಿ ಮಾತ್ರ ಹಿಂಗಾರಿ ಜೋಳ ಬಿಟ್ಟುಕೊಟ್ಟಿಲ್ಲ. ಹಠಮಾರಿ ಮಣ್ಣು.

ಇಷ್ಟು ಬಗೆಯ ನೆಲವನ್ನು ಒಂದೇ ತಕ್ಕಡಿಗೆ ಹಾಕಲು ಸರಿತೂಕ ಮಂಡಳಿ ಎಂಬುದೊಂದು ಹುಟ್ಟಿದೆ. ನಿಮ್ಮ ಕಾಲದಿಂದೀಚೆಗಿನ ಇಳುವರಿ ದಾಖಲೆ ತೆಗೆದು, ನಾಡಿನ ಸರಾಸರಿಗಿಂತ ಕೆಳಗಿರುವ ಹೊಲಕ್ಕೆ ಬಿಸಿಲುಚಾಪೆ ಹಾಸುತ್ತಾರೆ. ಅದು ಕರೆಂಟು ಬೆಳೆಯುವ ಹಾಸು. ಅದರಡಿ ಗರಿಕೆಯೂ ಹುಟ್ಟದು. ನಮ್ಮ ಅತ್ತಿಗೆ ಓಬಕ್ಕನ ಹೊಲಕ್ಕೂ ನೋಟೀಸು ಬಂದಿದೆ. ನಾಳಿದ್ದು ವಿಚಾರಣೆ.

ಆ ಹೊಲದಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲು ಬಿಡುತ್ತಾರೆ: ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೈಕೊಟ್ಟ ವರ್ಷ ಅವರೆ ಕೈಹಿಡಿದಿದೆ. ಎಲ್ಲ ಸೇರಿಸಿ ನಾನೇ ತೂಗಿದ್ದೇನೆ, ಸರಾಸರಿಯನ್ನು ದಾಟಿ ನಿಲ್ಲುತ್ತದೆ. ಹಳೆಯ ದಾಖಲೆಯಲ್ಲಿ ಮಾತ್ರ ವರ್ಷ ವರ್ಷವೂ ಬರೀ ರಾಗಿ. ಬರೆದವನನ್ನು ನಾನು ಬೈಯುತ್ತಿದ್ದರೆ ಓಬಕ್ಕ ನಕ್ಕಳು.

“ಅವನೇನು ಮಾಡ್ತಾನೋ ತಿಪ್ಪಯ್ಯ? ನಮ್ಮೋರೇ ಹೇಳಲಿಲ್ಲ. ರಾಗಿ ಗಂಡಸರದು, ಕಣಕ್ಕೋಗುತ್ತೆ. ಅಕ್ಕಡಿ ಹೆಂಗಸರದು, ಮಡಿಕೆಗೋಗುತ್ತೆ. ಮಡಿಕೇಲಿರೋದನ್ನ ಯಾರಾದ್ರೂ ಊರಿಗೆಲ್ಲ ಸಾರ್ತಾರಾ? ಸಾರಿದ್ರೆ ನಿನ್ನಂಥೋನು ಮೊದ್ಲು ಚೀಲ ಹಿಡ್ಕೊಂಡು ಬರ್ತಿದ್ದ!”

ಮಾತು ಸುಳ್ಳಲ್ಲ. ನಾನೂ ಬರುತ್ತಿದ್ದೆ.

ಅದಕ್ಕೇ ಈ ಕಾಗದ. ಬೆಳೆ ಸಮೀಕ್ಷೆಯವನು ಫೋನು ಹಿಡಿದು ನಿಮ್ಮ ಹೊಲದ ಬದುವಿಗೆ ಬರುತ್ತಾನೆ. ಏನು ಬೆಳೆ ಎನ್ನುತ್ತಾನೆ. ರಾಗಿ ಎಂದು ಹೇಳಿ ಬೆನ್ನು ತಿರುಗಿಸಬೇಡಿ. ನೆರಳಿಗೆ ಕೂರಿಸಿ, ಮಜ್ಜಿಗೆ ಕೊಡಿ, ಅಕ್ಕಡಿಯ ಒಂದೊಂದು ಕಾಳಿನ ಹೆಸರನ್ನೂ ಹೇಳಿ ಬರೆಸಿ. ಅವನಿಗೆ ಅವಸರವಿರುತ್ತದೆ, ನಿಮಗೆ ಬೇಡ. ಮಂಡಿಯವರು ಕೇಳಿದರೆ ಮಾತ್ರ ಏನೂ ಇಲ್ಲವೆನ್ನಿ. ನನ್ನ ಕಸುಬಿನವರು ಬೈದುಕೊಳ್ಳಲಿ.

ನಾಳಿದ್ದು ವಿಚಾರಣೆಯಲ್ಲಿ ಹಳೆಯ ದಾಖಲೆ ಓದುವಾಗ ರಾಗಿಯ ಪಕ್ಕ ಅವರೆಯ ಹೆಸರು ಕೇಳಿಸಿದರೆ, ಕಾಗದ ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ. ಓಬಕ್ಕ ಅದಕ್ಕೆಲ್ಲ ಕಾಯುವವಳಲ್ಲ. ಕೂರಿಗೆ ಅಂಗಳಕ್ಕೆ ತಂದಿಟ್ಟು, ಅಕ್ಕಡಿ ಬೀಜ ಮಡಿಲಿಗೆ ಕಟ್ಟಿಕೊಂಡು, ಮೋಡ ನೋಡುತ್ತ ಕೂತಿದ್ದಾಳೆ.