ನೀನಿಟ್ಟ ಹೆಸರಿನ ಅರ್ಥ

ಅಮ್ಮಾ,

ಈ ಮುದುಕಿಯರ ಹೆಸರು ನನಗ್ಯಾಕೆ ಇಟ್ಟೆ, ಇದಕ್ಕೆ ಅರ್ಥವಾದರೂ ಏನು ಎಂದು ನಿನ್ನೊಡನೆ ಎಷ್ಟು ಜಗಳವಾಡಿದ್ದೆ! "ಒಳ್ಳೆಯವಳೊಬ್ಬಳ ಹೆಸರು ಕಣೇ" ಎನ್ನುತ್ತಾ ನೀನು ಬಟ್ಟೆ ಮಡಚುತ್ತಿದ್ದೆ. ಯಾರವಳು ಎಂದು ನಾನು ಕೇಳಲೇ ಇಲ್ಲ.

ಇವತ್ತು ಹೆಸರು ಬದಲಾಯಿಸುವ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೆ. ಗುಮಾಸ್ತ ನನ್ನ ಹೆಸರು ಕೂಗಿದಾಗ, ಪಕ್ಕದಲ್ಲಿ ಕೂತಿದ್ದ ಅಜ್ಜಿಯೂ ಎದ್ದು ನಿಂತರು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರಂತೆ. ನಾನು ಹುಟ್ಟಿದ ಆಸ್ಪತ್ರೆ, ವರ್ಷ ಎರಡನ್ನೂ ಕೇಳಿ ನನ್ನ ಕೈ ಹಿಡಿದುಕೊಂಡರು.

"ಹುಟ್ಟಿದಾಗ ನೀನು ಅಳ್ಲೇ ಇಲ್ಲ ಕಣಮ್ಮ. ಬೆನ್ನು ತಿಕ್ಕಿ ತಿಕ್ಕಿ ನನ್ನ ಕೈ ಸೋತುಹೋಗಿತ್ತು. ಕೊನೆಗೂ ಅತ್ತಾಗ ನಿಮ್ಮಮ್ಮ ಕೇಳಿದ್ದು ಗಂಡೋ ಹೆಣ್ಣೋ ಅಂತಲ್ಲ, ನನ್ನ ಹೆಸರೇನು ಅಂತ."

ಅರ್ಜಿ ಕೊಡಲಿಲ್ಲಮ್ಮ. ಆ ಹಾಳೆಯ ಬೆನ್ನ ಮೇಲೇ ಈ ಪತ್ರ ಬರೆಯುತ್ತಿದ್ದೇನೆ.